ಹೃದಯಾಘಾತದ ನಂತರ ಎಲ್‌ಡಿಎಲ್ 55ರ ಕೆಳಗೆ: ಮೂರು ತಿಂಗಳ ದಾರಿ, ಹೆಜ್ಜೆ ಹೆಜ್ಜೆಯಾಗಿ

ಲ್ಯಾಬ್ ರಿಪೋರ್ಟ್ ಕೈಗೆ ಬಂದರೆ ಮೊದಲು ಕಣ್ಣು ಹೋಗುವುದು ದಪ್ಪಕ್ಷರದ ಕಡೆಗೆ, ಬಾಣದ ಗುರುತಿನ ಕಡೆಗೆ. ಇಂಥದೊಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ಮೂರು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರ ರಿಪೋರ್ಟ್ ಇದು ಎಂದುಕೊಳ್ಳಿ. ಒಟ್ಟು ಕೊಲೆಸ್ಟ್ರಾಲ್ 148. ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 36. ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 190. ರಕ್ತನಾಳದ ಗೋಡೆಯಲ್ಲಿ ಕೂರುವ ‘ಕೆಟ್ಟ’ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ 74. ಟ್ರೈಗ್ಲಿಸರೈಡ್ ಮುಂದೆ ಮೇಲ್ಮುಖದ ಬಾಣ ಇದೆ, ಎಚ್‌ಡಿಎಲ್ ಮುಂದೆ ಕೆಳಮುಖದ ಬಾಣ ಇದೆ. ಎಲ್‌ಡಿಎಲ್ ಮುಂದೆ ಏನೂ ಇಲ್ಲ, ಪಕ್ಕದ ಕಾಲಂನಲ್ಲಿ ‘100ಕ್ಕಿಂತ ಕಡಿಮೆ: ಉತ್ತಮ’ ಎಂದು ಅಚ್ಚಾಗಿದೆ.

ಮನೆಯವರೆಲ್ಲ ಟ್ರೈಗ್ಲಿಸರೈಡ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಅನ್ನ ಕಡಿಮೆ ಮಾಡಿ, ಎಣ್ಣೆ ಬದಲಾಯಿಸಿ ಎನ್ನುತ್ತಾರೆ. ಆದರೆ ಈ ಹಾಳೆಯಲ್ಲಿ ಎಲ್ಲಕ್ಕಿಂತ ಮೊದಲು ಕೈ ಹಾಕಬೇಕಾದ ಅಂಕಿ ಬಾಣವಿಲ್ಲದೆ ಸುಮ್ಮನೆ ಕೂತಿರುವ ಆ 74. ಲ್ಯಾಬಿನ ‘100’ ಹೃದಯದ ತೊಂದರೆ ಇಲ್ಲದವರಿಗಾಗಿ ಅಚ್ಚು ಹಾಕಿದ ಗೆರೆ. ಒಮ್ಮೆ ಹೃದಯಾಘಾತ ಆದವರಿಗೆ ಆ ಗೆರೆ ಅನ್ವಯಿಸುವುದಿಲ್ಲ. ಯಂತ್ರಕ್ಕೆ ನಿಮ್ಮ ಸ್ಟೆಂಟ್ ಗೊತ್ತಿಲ್ಲ.

ನಿಮ್ಮ ಗುರಿ ಎಷ್ಟು?

ಹೃದಯಾಘಾತ ಆದವರಿಗೆ ಎಲ್‌ಡಿಎಲ್ ಗುರಿ 55ಕ್ಕಿಂತ ಕಡಿಮೆ. ಇದರ ಜೊತೆಗೆ ಇನ್ನೊಂದು ಷರತ್ತಿದೆ: ಚಿಕಿತ್ಸೆಗೆ ಮುಂಚೆ ಇದ್ದ ಮಟ್ಟದಿಂದ ಕನಿಷ್ಠ ಅರ್ಧದಷ್ಟು ಇಳಿದಿರಬೇಕು. ಎರಡೂ ಆಗಬೇಕು, ಒಂದು ಆದರೆ ಸಾಲದು. ಚಿಕಿತ್ಸೆಗೆ ಮುಂಚೆ 90 ಇದ್ದವರು 54ಕ್ಕೆ ಬಂದು ನಿಲ್ಲುವಂತಿಲ್ಲ, 45ಕ್ಕೆ ಇಳಿಯಬೇಕು. ಯುರೋಪಿನ ಹೃದ್ರೋಗ ತಜ್ಞರ ಸಂಘ 2019ರಿಂದ ಹೇಳುತ್ತಿರುವುದು ಇದನ್ನೇ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಅತಿ ಹೆಚ್ಚು ಅಪಾಯದವರಿಗೆ 55ರ ಗೆರೆಯೇ ಇದೆ. ಲಿಪಿಡ್ ಅಸೋಸಿಯೇಷನ್ ಆಫ್ ಇಂಡಿಯಾ ಇನ್ನೂ ಬಿಗಿ: ಹೃದ್ರೋಗದ ಜೊತೆಗೆ ಬೇರೆ ಅಪಾಯಗಳೂ ಇರುವವರಿಗೆ 50ಕ್ಕಿಂತ ಕಡಿಮೆ, ತೀರಾ ಅಪಾಯದಲ್ಲಿರುವವರಿಗೆ 30. ಸರಿಯಾಗಿ ಔಷಧ ತೆಗೆದುಕೊಳ್ಳುತ್ತಿದ್ದರೂ ಎರಡು ವರ್ಷದೊಳಗೆ ಎರಡನೇ ಬಾರಿ ಆಘಾತವಾದವರಿಗೆ 40ಕ್ಕಿಂತ ಕೆಳಗೆ ಇಳಿಸುವುದನ್ನು ಯುರೋಪಿನವರೂ ಒಪ್ಪುತ್ತಾರೆ.

ಇಂಗ್ಲೆಂಡ್, ಆಸ್ಟ್ರೇಲಿಯಾ ಮುಂತಾದ ಕಡೆ ಇರುವ ಕನ್ನಡಿಗರ ರಿಪೋರ್ಟ್‌ನಲ್ಲಿ ಅಂಕಿ ಮಿಲಿಮೋಲ್‌ನಲ್ಲಿ ಇರುತ್ತದೆ. ಅದನ್ನು 38.67ರಿಂದ ಗುಣಿಸಿದರೆ ನಮ್ಮ ಅಂಕಿ (ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ) ಸಿಗುತ್ತದೆ. 1.4 ಎಂದರೆ 55 ಹತ್ತಿರ, 1.8 ಎಂದರೆ 70. ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿಯ ಗುರಿ 2.0, ಅಂದರೆ ಸುಮಾರು 77. ಅಲ್ಲಿರುವ ಮಗನ ವೈದ್ಯರು ‘ಸಾಕು’ ಅಂದರು, ಇಲ್ಲಿರುವ ಅಪ್ಪನ ವೈದ್ಯರು ‘ಸಾಲದು’ ಅಂದರು ಎನ್ನುವ ಗೊಂದಲಕ್ಕೆ ಒಂದು ಕಾರಣ ಇದು. ಅಮೆರಿಕದ 2025ರ ಮಾರ್ಗಸೂಚಿಯ ಪ್ರಕಾರ 70 ಅಥವಾ ಹೆಚ್ಚಿದ್ದರೆ ಎರಡನೇ ಔಷಧ ಸೇರಿಸಲೇಬೇಕು, 55ರಿಂದ 69ರ ನಡುವೆ ಇದ್ದರೂ ಸೇರಿಸುವುದು ಸರಿ. ದಾರಿ ಬೇರೆ ಬೇರೆ ಇದ್ದರೂ ದಿಕ್ಕು ಒಂದೇ, ಕೆಳಕ್ಕೆ.

ಇಷ್ಟು ಕೆಳಕ್ಕೆ ಯಾಕೆ? ಸ್ಟೆಂಟ್ ಸರಿಪಡಿಸಿದ್ದು ರಕ್ತನಾಳದ ಎರಡು ಮೂರು ಸೆಂಟಿಮೀಟರ್ ಜಾಗವನ್ನು ಮಾತ್ರ. ಉಳಿದ ನಾಳದ ಗೋಡೆಯಲ್ಲಿ ಅದೇ ಕೊಬ್ಬಿನ ಗಂಟುಗಳು ಅಲ್ಲಲ್ಲಿ ಇದ್ದೇ ಇರುತ್ತವೆ. ಎಲ್‌ಡಿಎಲ್ ಪ್ರತಿ 39 ಅಂಕ ಇಳಿದಂತೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತಗಳು ಸುಮಾರು 22% ಕಡಿಮೆಯಾಗುತ್ತವೆ ಎಂಬುದು ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಕಂಡ ಸತ್ಯ. 2004ರಲ್ಲಿ ಆಗಷ್ಟೇ ಆಘಾತದಿಂದ ಹೊರಬಂದ 4,162 ಜನರಲ್ಲಿ ಎಲ್‌ಡಿಎಲ್ 95ಕ್ಕೆ ಇಳಿದವರನ್ನೂ 62ಕ್ಕೆ ಇಳಿದವರನ್ನೂ ಹೋಲಿಸಿದರು, 62ರವರಿಗೆ ತೊಂದರೆ 16% ಕಡಿಮೆ. 2015ರಲ್ಲಿ 18,144 ಜನರಲ್ಲಿ 70ಕ್ಕೂ 54ಕ್ಕೂ ಹೋಲಿಕೆ ನಡೆಯಿತು, ಅಲ್ಲೂ ಕೆಳಗಿನ ಅಂಕಿಯೇ ಗೆದ್ದಿತು. 2017ರಲ್ಲಿ 27,564 ಜನರ ಪ್ರಯೋಗದಲ್ಲಿ 92ರಿಂದ 30ಕ್ಕೆ ಇಳಿಸಿದರು, ಆಗಲೂ ಲಾಭ ನಿಲ್ಲಲಿಲ್ಲ. ‘ಅಷ್ಟು ಕಡಿಮೆಯಾದರೆ ಮೆದುಳಿಗೆ ಏನಾದರೂ ಆದೀತೇ’ ಎಂದು ಕೇಳುವವರು ಬಹಳ. ಆ ಕೊನೆಯ ಪ್ರಯೋಗದ ಜೊತೆಗೇ ನೆನಪಿನ ಶಕ್ತಿಯನ್ನೂ ಅಳೆದು ನೋಡಿದರು, ವ್ಯತ್ಯಾಸ ಕಾಣಲಿಲ್ಲ.

ಹೆಜ್ಜೆ 1: ಮೊದಲ ಅಂಕಿಯನ್ನು ಹುಡುಕಿ ತೆಗೆಯಿರಿ

ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಸ್ಪತ್ರೆಗೆ ಸೇರಿದ ದಿನದ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಇದೆಯೇ ನೋಡಿ. ಆಘಾತವಾದ ಮೊದಲ 24 ಗಂಟೆಯೊಳಗೆ ತೆಗೆದ ರಕ್ತವಾದರೆ ಆ ಅಂಕಿಯನ್ನು ನಂಬಬಹುದು. ಆಮೇಲೆ ದೇಹದ ಉರಿಯೂತದಿಂದ ಎಲ್‌ಡಿಎಲ್ ತಾನಾಗಿಯೇ ಇಳಿಯುತ್ತದೆ, ಕೆಲವು ವಾರ ಹಾಗೇ ಇರುತ್ತದೆ. ಮೂರನೇ ದಿನ ತೆಗೆದ ರಕ್ತದಲ್ಲಿ 88 ಬಂದರೆ ‘ಕೊಲೆಸ್ಟ್ರಾಲ್ ಇರಲೇ ಇಲ್ಲ, ಆದರೂ ಅಟ್ಯಾಕ್ ಆಯಿತು’ ಎಂದು ಜನ ಅಂದುಕೊಳ್ಳುತ್ತಾರೆ. ನಿಜವಾದ ಅಂಕಿ ಅದಕ್ಕಿಂತ ಹೆಚ್ಚೇ ಇದ್ದಿರುತ್ತದೆ.

ಆ ಅಂಕಿ ಸಿಗದಿದ್ದರೆ ಹಿಂದಿನ ಒಂದೆರಡು ವರ್ಷದ ಹೆಲ್ತ್ ಚೆಕಪ್ ರಿಪೋರ್ಟ್ ಹುಡುಕಿ. ಕಂಪನಿಯಲ್ಲಿ ಮಾಡಿಸಿದ್ದು, ಇನ್ಶೂರೆನ್ಸ್‌ಗೆ ಕೊಟ್ಟಿದ್ದು, ಯಾವುದಾದರೂ ಆದೀತು. ಆಗ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನುಂಗುತ್ತಿದ್ದಿರೋ ಇಲ್ಲವೋ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ. ಅರ್ಧದಷ್ಟು ಇಳಿಯಬೇಕು ಎಂಬ ಲೆಕ್ಕ ಶುರುವಾಗುವುದು ಮಾತ್ರೆ ಇಲ್ಲದ ಕಾಲದ ಅಂಕಿಯಿಂದ.

ಖಾಲಿ ಹೊಟ್ಟೆಯೇ ಬೇಕೆಂದಿಲ್ಲ. ತಿಂಡಿ ತಿಂದು ಕೊಟ್ಟ ರಕ್ತವೂ ಎಲ್‌ಡಿಎಲ್‌ಗೆ ಸಾಕು. ಟ್ರೈಗ್ಲಿಸರೈಡ್ 400 ದಾಟಿದ್ದರೆ ಮಾತ್ರ ಉಪವಾಸದಲ್ಲಿ ಮತ್ತೊಮ್ಮೆ ಕೊಡಿ.

ಹೆಜ್ಜೆ 2: ಎಷ್ಟು ಇಳಿಯಬೇಕು, ಯಾವ ಔಷಧಕ್ಕೆ ಎಷ್ಟು ಬಲ

ಇದು ಎಂಟನೇ ತರಗತಿಯ ಶೇಕಡಾ ಲೆಕ್ಕ, ಆದರೆ ಇದನ್ನು ಮಾಡದೆ ಬಿಟ್ಟರೆ ವರ್ಷಗಳೇ ಕಳೆದುಹೋಗುತ್ತವೆ. ಮೊದಲ ಅಂಕಿ 132 ಎಂದಿಟ್ಟುಕೊಳ್ಳಿ. 132ರಿಂದ 55ಕ್ಕೆ ಬರಬೇಕಾದರೆ 77 ಇಳಿಯಬೇಕು, ಅಂದರೆ 58%.

ಈಗ ಔಷಧಗಳ ಬಲ ನೋಡಿ. ಅಟೋರ್ವಾಸ್ಟಾಟಿನ್ 40 ಅಥವಾ 80 ಮಿಲಿಗ್ರಾಂ, ಇಲ್ಲವೇ ರೋಸುವಾಸ್ಟಾಟಿನ್ 20 ಅಥವಾ 40 ಮಿಲಿಗ್ರಾಂ: ಸುಮಾರು 50%. ಇವನ್ನೇ ‘ಹೈ ಇಂಟೆನ್ಸಿಟಿ’ ಎನ್ನುವುದು. ಅಟೋರ್ವಾಸ್ಟಾಟಿನ್ 10, 20 ಅಥವಾ ರೋಸುವಾಸ್ಟಾಟಿನ್ 5, 10 ಆ ಗುಂಪಿಗೆ ಸೇರುವುದಿಲ್ಲ. ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸಿದರೆ ಉಳಿದದ್ದರಲ್ಲಿ ಇನ್ನೂ 20ರಿಂದ 25%. ಬೆಂಪೆಡೋಯಿಕ್ ಆಸಿಡ್ 180 ಮಿಲಿಗ್ರಾಂ ಸ್ಟಾಟಿನ್ ಮೇಲೆ ಸುಮಾರು 17-18%. ಚರ್ಮದಡಿ ಚುಚ್ಚುವ ಎವೊಲೊಕುಮ್ಯಾಬ್ ಅಥವಾ ಅಲಿರೊಕುಮ್ಯಾಬ್ ಸುಮಾರು 60%, ಇನ್ಕ್ಲಿಸಿರಾನ್ ಸುಮಾರು 50%.

ಹಾಗಾಗಿ 132 ಇದ್ದವರಿಗೆ ಸ್ಟಾಟಿನ್ ಒಂದೇ ಕೊಟ್ಟರೆ 66ಕ್ಕೆ ಬಂದು ನಿಲ್ಲುತ್ತದೆ. ಎಜೆಟಿಮೈಬ್ ಸೇರಿದರೆ 51 ಹತ್ತಿರ. ಅಂದರೆ ಮೊದಲ ದಿನವೇ ಗೊತ್ತಿರುವ ಲೆಕ್ಕ ಇದು, ಎರಡೂ ಬೇಕು. ಇಂಥವರಿಗೆ ಆಸ್ಪತ್ರೆಯಲ್ಲೇ ಎರಡೂ ಮಾತ್ರೆ ಒಟ್ಟಿಗೆ ಶುರು ಮಾಡುವ ಪದ್ಧತಿಗೆ ಈಗ ಮಾರ್ಗಸೂಚಿಗಳ ಬೆಂಬಲವೂ ಇದೆ. ಆಘಾತದ ನಂತರದ ಮೊದಲ ತಿಂಗಳುಗಳೇ ಮತ್ತೊಂದು ಆಘಾತಕ್ಕೆ ಹೆಚ್ಚು ಅಪಾಯದ ಕಾಲ, ಆದ್ದರಿಂದ ಕಾಯುವುದರಲ್ಲಿ ಅರ್ಥವಿಲ್ಲ. 160 ಇದ್ದವರ ದಾರಿ: 160, ಸ್ಟಾಟಿನ್‌ನಿಂದ 80, ಎಜೆಟಿಮೈಬ್‌ನಿಂದ 62, ಮೂರನೆಯದು ಸೇರಿದರೆ ಗುರಿ. 190 ಅಥವಾ ಹೆಚ್ಚು ಇದ್ದರೆ ಅದು ಬಹುಶಃ ಮನೆತನದಲ್ಲೇ ಹರಿದು ಬಂದ ತೊಂದರೆ, ಕೊನೆಯ ಭಾಗದಲ್ಲಿ ಅದರ ಮಾತು ಬರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ: ಮಾತ್ರೆಯ ಡೋಸ್ ಎರಡು ಪಟ್ಟು ಮಾಡಿದರೆ ಪರಿಣಾಮವೂ ಎರಡು ಪಟ್ಟು ಎಂದು. ಹಾಗಲ್ಲ. ಸ್ಟಾಟಿನ್ ಡೋಸ್ ಪ್ರತಿ ಬಾರಿ ದುಪ್ಪಟ್ಟು ಮಾಡಿದಾಗ ಸಿಗುವ ಹೆಚ್ಚಿನ ಇಳಿಕೆ ಸುಮಾರು 6% ಮಾತ್ರ. ಕಾರಣ ಸರಳ. ಸ್ಟಾಟಿನ್ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಡೆಯುತ್ತದೆ. ಒಳಗೆ ಕೊರತೆಯಾದ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ, ಇದು ನಮಗೆ ಬೇಕಾದದ್ದು. ಆದರೆ ತಯಾರಿ ನಿಂತಷ್ಟೂ ಕರುಳು ಹೆಚ್ಚು ಹೀರಲು ಶುರು ಮಾಡುತ್ತದೆ. ಎಜೆಟಿಮೈಬ್ ಆ ಕರುಳಿನ ಬಾಗಿಲನ್ನು ಮುಚ್ಚುತ್ತದೆ. ಒಂದೇ ಬಾಗಿಲನ್ನು ಇನ್ನೂ ಗಟ್ಟಿಯಾಗಿ ತಳ್ಳುವುದಕ್ಕಿಂತ ಎರಡನೇ ಬಾಗಿಲನ್ನೂ ಮುಚ್ಚುವುದು ಮೇಲು. ರೋಸುವಾಸ್ಟಾಟಿನ್ ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಏಷ್ಯಾ ಮೂಲದವರ ರಕ್ತದಲ್ಲಿ ಅದರ ಪ್ರಮಾಣ ಬಿಳಿಯರಿಗಿಂತ ಹೆಚ್ಚು ಏರುತ್ತದೆ. ಮೂತ್ರಪಿಂಡ ತೀರಾ ಸೋತವರಿಗೆ ರೋಸುವಾಸ್ಟಾಟಿನ್ 10 ಮಿಲಿಗ್ರಾಂ ದಾಟಿಸುವುದಿಲ್ಲ, ಅಂಥವರಿಗೆ ಅಟೋರ್ವಾಸ್ಟಾಟಿನ್ ಸಲೀಸು.

ಹೆಜ್ಜೆ 3: ಸ್ಟ್ರಿಪ್ ತಿರುಗಿಸಿ ಓದಿ

ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಹೃದ್ರೋಗಿಗಳಿಗೆ ಮೂರು ಔಷಧ ಸೇರಿಸಿದ ಒಂದೇ ಕ್ಯಾಪ್ಸೂಲ್ ಬಹಳ ಓಡುತ್ತದೆ. ಹೆಸರಿನ ಕೊನೆಯಲ್ಲಿ ‘ಗೋಲ್ಡ್’ ಎಂದಿರುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75, ಜೊತೆಗೊಂದು ಸ್ಟಾಟಿನ್. ‘ಎವಿ’ ಎಂದು ಕೊನೆಯಾಗುವುದರಲ್ಲಿ ಆಸ್ಪಿರಿನ್ ಮತ್ತು ಅಟೋರ್ವಾಸ್ಟಾಟಿನ್. ಒಂದೇ ಮಾತ್ರೆ, ಮರೆಯುವುದು ಕಡಿಮೆ, ಅನುಕೂಲ ನಿಜ. ಆದರೆ ಎರಡು ಕಡೆ ಎಡವುತ್ತೇವೆ.

ಮೊದಲನೆಯದು ಸ್ಟಾಟಿನ್ ಪ್ರಮಾಣ. ಸ್ಟ್ರಿಪ್ ಬೆನ್ನಿನ ಸಣ್ಣಕ್ಷರ ಓದಿ. ಬಹಳಷ್ಟು ಸಲ ಅಲ್ಲಿರುವುದು ರೋಸುವಾಸ್ಟಾಟಿನ್ 10 ಅಥವಾ ಅಟೋರ್ವಾಸ್ಟಾಟಿನ್ 10, 20. ಅಂದರೆ ದಿನಾ ತಪ್ಪದೆ ನುಂಗುತ್ತಿದ್ದರೂ ಹೃದಯಾಘಾತ ಆದವರಿಗೆ ಬೇಕಾದ ಬಲ ಅದರಲ್ಲಿಲ್ಲ. ಆಸ್ಪತ್ರೆಯಲ್ಲಿ ಅಟೋರ್ವಾಸ್ಟಾಟಿನ್ 80 ಕೊಟ್ಟಿದ್ದು, ಊರಿಗೆ ಬಂದ ಮೇಲೆ ‘ಅದೇ ಥರದ್ದು’ ಎಂದು ಕೊಟ್ಟ ಕ್ಯಾಪ್ಸೂಲಿನಲ್ಲಿ 20 ಇದ್ದರೆ ಚಿಕಿತ್ಸೆ ಯಾರಿಗೂ ಗೊತ್ತಾಗದೆ ಹಿಂದಕ್ಕೆ ಹೋಯಿತು.

ಎರಡನೆಯದು ಇನ್ನೂ ಕೆಟ್ಟದ್ದು. ಸಾಮಾನ್ಯವಾಗಿ ಒಂದು ವರ್ಷದ ನಂತರ ವೈದ್ಯರು ಕ್ಲೊಪಿಡೊಗ್ರೆಲ್ ನಿಲ್ಲಿಸಿ ಆಸ್ಪಿರಿನ್ ಒಂದನ್ನೇ ಮುಂದುವರಿಸಲು ಹೇಳುತ್ತಾರೆ. ಮನೆಯಲ್ಲಿ ‘ಆ ದೊಡ್ಡ ಕ್ಯಾಪ್ಸೂಲ್ ನಿಲ್ಲಿಸಿ, ಈ ಚಿಕ್ಕ ಮಾತ್ರೆ ತಗೊಳ್ಳಿ ಅಂದರು’ ಎಂದು ಅರ್ಥವಾಗುತ್ತದೆ. ಕ್ಯಾಪ್ಸೂಲಿನ ಜೊತೆ ಸ್ಟಾಟಿನ್ ಕೂಡ ಹೊರಗೆ ಹೋಯಿತು. ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿದ್ದ ಜಾಗಕ್ಕೆ ವಾಪಸ್. ಹಾಗಾಗಿ ಯಾವುದೇ ಕ್ಯಾಪ್ಸೂಲ್ ನಿಲ್ಲಿಸಿದಾಗ ಒಂದೇ ಪ್ರಶ್ನೆ ಕೇಳಿ: ‘ಇದರೊಳಗಿನ ಸ್ಟಾಟಿನ್ ಈಗ ಯಾವ ಮಾತ್ರೆಯಲ್ಲಿದೆ?’

‘ಎಫ್’ ಎಂದು ಕೊನೆಯಾಗುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಫೆನೊಫೈಬ್ರೇಟ್ ಇರುತ್ತದೆ. ಅದು ಟ್ರೈಗ್ಲಿಸರೈಡ್ ಇಳಿಸುವ ಔಷಧ, ಎಲ್‌ಡಿಎಲ್ ಗುರಿಗೆ ಎಜೆಟಿಮೈಬ್‌ನ ಬದಲಿ ಅಲ್ಲ. ಟ್ರೈಗ್ಲಿಸರೈಡ್ 500 ದಾಟಿದಾಗ ಮೇದೋಜೀರಕ ಗ್ರಂಥಿಯ ಉರಿಯೂತದ ಭಯ ಇರುತ್ತದೆ, ಆಗ ಅದರ ಮಾತು ಬೇರೆ.

ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಎರಡನ್ನೂ ಬೆಳಗ್ಗೆ ಬೇಕಾದರೂ ರಾತ್ರಿ ಬೇಕಾದರೂ ತೆಗೆದುಕೊಳ್ಳಬಹುದು. ರಾತ್ರಿಯೇ ಆಗಬೇಕೆಂಬ ನಿಯಮ ಹಳೆಯ ಸಿಮ್ವಾಸ್ಟಾಟಿನ್ ಕಾಲದ್ದು. ನೀವು ಮರೆಯದ ಹೊತ್ತೇ ಒಳ್ಳೆಯ ಹೊತ್ತು. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬೇಡಿ. ಹಣದ ತೊಂದರೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಅದೇ ಔಷಧ, ಅದೇ ಮಿಲಿಗ್ರಾಂ, ಬೆಲೆ ಬಹಳ ಕಡಿಮೆ. ಖರ್ಚಿಗೆ ಹೆದರಿ ದಿನ ಬಿಟ್ಟು ದಿನ ನುಂಗುವುದಕ್ಕಿಂತ ಅದು ಎಷ್ಟೋ ಒಳ್ಳೆಯದು.

ಹೆಜ್ಜೆ 4: ನಾಲ್ಕರಿಂದ ಆರನೇ ವಾರದ ಪರೀಕ್ಷೆ

ಡಿಸ್ಚಾರ್ಜ್ ದಿನವೇ ಕ್ಯಾಲೆಂಡರಿನಲ್ಲಿ ಆರನೇ ವಾರದ ಒಂದು ದಿನಕ್ಕೆ ಗುರುತು ಹಾಕಿ. ಸ್ಟಾಟಿನ್‌ನ ಬಹುಪಾಲು ಪರಿಣಾಮ ನಾಲ್ಕು ವಾರದೊಳಗೆ ಬಂದಿರುತ್ತದೆ, ‘ಇನ್ನೂ ಸ್ವಲ್ಪ ದಿನ ನೋಡೋಣ’ ಎಂದು ಆರು ತಿಂಗಳು ಕಾದರೆ ಹೆಚ್ಚಿನದೇನೂ ಸಿಗುವುದಿಲ್ಲ. ಅಂದು ಲಿಪಿಡ್ ಪ್ರೊಫೈಲ್ ಜೊತೆ ಲಿವರ್ ಪರೀಕ್ಷೆಯಾದ ಎಸ್‌ಜಿಪಿಟಿ ಕೂಡ ಮಾಡಿಸಿ. ಆಸ್ಪತ್ರೆಗೆ ಸೇರಿದ ದಿನದ ರಿಪೋರ್ಟ್‌ನಲ್ಲಿ ಎಸ್‌ಜಿಒಟಿ ಮತ್ತು ಸಿಪಿಕೆ ಎಂಬ ಕಿಣ್ವಗಳು ಏರಿದ್ದನ್ನು ನೋಡಿ ‘ಲಿವರ್ ಕೆಟ್ಟಿದೆ, ಸ್ಟಾಟಿನ್ ಬೇಡ’ ಎಂದು ಹೆದರುವುದು ಬೇಡ. ಗಾಯಗೊಂಡ ಹೃದಯದ ಸ್ನಾಯುವಿನಿಂದಲೇ ಅವು ಏರುತ್ತವೆ. ಎಸ್‌ಜಿಪಿಟಿ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ ಮಾತ್ರ ಮಾತ್ರೆಯ ಬಗ್ಗೆ ಮರುವಿಚಾರ. ಫ್ಯಾಟಿ ಲಿವರ್ ಇದೆ ಎಂಬುದು ಸ್ಟಾಟಿನ್ ಬಿಡಲು ಕಾರಣವಲ್ಲ.

ರಿಪೋರ್ಟ್ ಬಂದ ಮೇಲೆ ಎಲ್‌ಡಿಎಲ್ ಒಂದನ್ನೇ ನೋಡಬೇಡಿ, ನಾನ್-ಎಚ್‌ಡಿಎಲ್ ಕೂಡ ನೋಡಿ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದರೆ ಅದು ಸಿಗುತ್ತದೆ. ಅದರ ಗುರಿ 85ಕ್ಕಿಂತ ಕಡಿಮೆ. ಯಾಕೆ ಎಂದರೆ ಹೆಚ್ಚಿನ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಟ್ರೈಗ್ಲಿಸರೈಡ್ ಹೆಚ್ಚಿದ್ದು ಎಲ್‌ಡಿಎಲ್ ಕಡಿಮೆ ಇದ್ದಾಗ ಈ ಲೆಕ್ಕ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಒಂದು ಉದಾಹರಣೆ: ಒಟ್ಟು 128, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 270. 128ರಿಂದ 32 ಮತ್ತು 54 ಕಳೆದರೆ 42. ಗುರಿ ಮುಟ್ಟಿತು ಎನ್ನಿಸುತ್ತದೆ. ಆದರೆ ನಾನ್-ಎಚ್‌ಡಿಎಲ್ 96, ಇನ್ನೂ 11 ಹೆಚ್ಚು. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇರುವ ನಮ್ಮವರಲ್ಲಿ ಇಂಥ ರಿಪೋರ್ಟ್ ಸಾಮಾನ್ಯ. ಇಂಥ ಕಡೆ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವ ‘ಡೈರೆಕ್ಟ್ ಎಲ್‌ಡಿಎಲ್’ ಅಥವಾ ಇಂಥ ಕೊಬ್ಬಿನ ಕಣಗಳೆಷ್ಟಿವೆ ಎಂದು ಹೇಳುವ ಅಪೊ-ಬಿ ಪರೀಕ್ಷೆ ಸಹಾಯಕ್ಕೆ ಬರುತ್ತದೆ.

ಅಂಕಿ ನಿರೀಕ್ಷೆಯಷ್ಟು ಇಳಿಯದಿದ್ದರೆ ಮೊದಲು ಕೇಳಬೇಕಾದದ್ದು ಮಾತ್ರೆ ಹೊಟ್ಟೆಗೆ ಹೋಗುತ್ತಿದೆಯೇ ಎಂದು. ಉಳಿದ ಸ್ಟ್ರಿಪ್‌ಗಳನ್ನು ಎಣಿಸಿ. ತಿಂಗಳಿಗೆ ತಂದ 30 ಮಾತ್ರೆಗಳಲ್ಲಿ 11 ಉಳಿದಿದ್ದರೆ ಉತ್ತರ ಅಲ್ಲೇ ಇದೆ, ಹೊಸ ಔಷಧ ಬೇಕಿಲ್ಲ. ಎಲ್ಲ ಸರಿಯಾಗಿ ತೆಗೆದುಕೊಂಡೂ ಇಳಿದಿಲ್ಲ ಎಂದಾದರೆ ಟಿಎಸ್‌ಎಚ್ ನೋಡಿಸಿ. ಥೈರಾಯ್ಡ್ ಕಡಿಮೆ ಇದ್ದರೆ ಎಲ್‌ಡಿಎಲ್ ಇಳಿಯದು, ಮೇಲಾಗಿ ಸ್ನಾಯು ನೋವೂ ಹೆಚ್ಚು.

ಆರನೇ ವಾರದಲ್ಲಿ ಗುರಿ ಸಿಗದಿದ್ದರೆ ಎಜೆಟಿಮೈಬ್. ಮತ್ತೆ ನಾಲ್ಕರಿಂದ ಆರು ವಾರಕ್ಕೆ ಪರೀಕ್ಷೆ. ಇನ್ನೂ ಇಲ್ಲವೆಂದರೆ ಮೂರನೆಯದು. ಗುರಿಗೆ ಐದಾರು ಅಂಕ ಮಾತ್ರ ಬಾಕಿ ಇದ್ದರೆ ಬೆಂಪೆಡೋಯಿಕ್ ಆಸಿಡ್ ಸಾಕಾಗಬಹುದು. ಅದು ಯೂರಿಕ್ ಆಸಿಡ್ ಏರಿಸುತ್ತದೆ, ಗೌಟ್ ಇರುವವರು ಮೊದಲೇ ಹೇಳಬೇಕು. ದೂರ ಇದ್ದರೆ ಇಂಜೆಕ್ಷನ್: ಎವೊಲೊಕುಮ್ಯಾಬ್ 140 ಮಿಲಿಗ್ರಾಂ ಎರಡು ವಾರಕ್ಕೊಮ್ಮೆ, ಅಥವಾ ಇನ್ಕ್ಲಿಸಿರಾನ್ 284 ಮಿಲಿಗ್ರಾಂ ಮೊದಲ ದಿನ, ಮೂರನೇ ತಿಂಗಳು, ಆಮೇಲೆ ಆರು ತಿಂಗಳಿಗೊಮ್ಮೆ. ಇವು ದುಬಾರಿ, ಆದ್ದರಿಂದಲೇ ಅಗ್ಗದ ಎರಡು ಮಾತ್ರೆಗಳನ್ನು ಪೂರ್ತಿ ಬಳಸದೆ ಇಲ್ಲಿಗೆ ನೆಗೆಯುವುದು ತರವಲ್ಲ. ಎಲ್ಲ ಸರಿಯಾಗಿ ನಡೆದರೆ ಮೂರು ತಿಂಗಳೊಳಗೆ 55ರ ಕೆಳಗೆ ಇರಬೇಕು.

ಹೆಜ್ಜೆ 5: ಮೈಕೈ ನೋವು ಬಂದರೆ

ಸ್ಟಾಟಿನ್ ಬಿಡುವವರಲ್ಲಿ ಬಹಳಷ್ಟು ಜನ ಬಿಡುವುದು ನೋವಿಗಾಗಿ. ನೋವು ಸುಳ್ಳಲ್ಲ. ಆದರೆ ಅದು ಎಲ್ಲಿಂದ ಬಂತು ಎಂಬುದು ಬೇರೆ ಪ್ರಶ್ನೆ. ಇಂಗ್ಲೆಂಡಿನಲ್ಲಿ ಹೀಗೆ ಮಾತ್ರೆ ಬಿಟ್ಟಿದ್ದ 60 ಜನರಿಗೆ ಒಂದು ವರ್ಷ ಪರೀಕ್ಷೆ ಮಾಡಿದರು: ನಾಲ್ಕು ತಿಂಗಳು ಸ್ಟಾಟಿನ್, ನಾಲ್ಕು ತಿಂಗಳು ಔಷಧವಿಲ್ಲದ ಹುಸಿ ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲ, ಎಲ್ಲ ಕಲಸಿ. ಯಾವ ಬಾಟಲಿಯಲ್ಲಿ ಯಾವ ಮಾತ್ರೆ ಎಂದು ಅವರಿಗೆ ಗೊತ್ತಿರಲಿಲ್ಲ. ಸ್ಟಾಟಿನ್ ತಿಂಗಳಲ್ಲಿ ಕಂಡ ತೊಂದರೆಯ 90% ಹುಸಿ ಮಾತ್ರೆಯ ತಿಂಗಳಲ್ಲೂ ಕಂಡಿತು. 2020ರಲ್ಲಿ ಈ ಫಲಿತಾಂಶ ಹೊರಬಂದಿತು. ತಮ್ಮದೇ ಫಲಿತಾಂಶ ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮಾತ್ರೆಗೆ ಮರಳಿದರು.

ಸ್ಟಾಟಿನ್‌ನದೇ ನೋವಾದರೆ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ, ತೊಡೆ, ಸೊಂಟ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ, ಮಾತ್ರೆ ಶುರುವಾದ ಅಥವಾ ಡೋಸ್ ಏರಿದ ಕೆಲವು ವಾರಗಳಲ್ಲಿ ಬರುತ್ತದೆ. ಒಂದೇ ಮಂಡಿ, ಒಂದೇ ಹೆಗಲು, ಮುಂಜಾನೆಯ ಕೀಲು ಬಿಗಿತ ಇದರ ಲಕ್ಷಣವಲ್ಲ. ಏನು ಮಾಡಬೇಕು ಎಂದರೆ: ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಸಿಪಿಕೆ, ಟಿಎಸ್‌ಎಚ್, ವಿಟಮಿನ್ ಡಿ ನೋಡುತ್ತಾರೆ. ಬೇಕಾದರೆ ಎರಡರಿಂದ ನಾಲ್ಕು ವಾರ ಬಿಡುವು ಕೊಟ್ಟು, ನೋವು ಹೋದ ಮೇಲೆ ಬೇರೆ ಸ್ಟಾಟಿನ್ ಅಥವಾ ಕಡಿಮೆ ಡೋಸ್ ಶುರು ಮಾಡಿ, ಬಾಕಿಯನ್ನು ಎಜೆಟಿಮೈಬ್‌ನಿಂದ ತುಂಬಿಸುತ್ತಾರೆ. ನಡೆಯಲಾಗದಷ್ಟು ನಿಶ್ಶಕ್ತಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ಇವು ಬಂದರೆ ಮಾತ್ರ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಇದು ಬಹಳ ಅಪರೂಪ.

ಆ ಅಪರೂಪದ್ದು ಆಗುವುದು ಹೆಚ್ಚಾಗಿ ಬೇರೆ ಔಷಧ ಸೇರಿದಾಗ. ತೊಡೆಸಂದಿಯ ಹುಳುಕಡ್ಡಿಗೆ ಚರ್ಮ ವೈದ್ಯರು ವಾರಗಟ್ಟಲೆ ಬರೆಯುವ ಇಟ್ರಾಕೊನಜೋಲ್, ಕೆಮ್ಮು ಗಂಟಲಿಗೆ ಬರೆಯುವ ಕ್ಲಾರಿಥ್ರೊಮೈಸಿನ್, ಇವೆರಡೂ ಅಟೋರ್ವಾಸ್ಟಾಟಿನ್ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ. ಯಾವ ವೈದ್ಯರ ಬಳಿ ಹೋದರೂ ಹೃದಯದ ಮಾತ್ರೆಗಳ ಪಟ್ಟಿ ಮೊದಲು ತೋರಿಸಿ. ಫೈಬ್ರೇಟ್‌ಗಳಲ್ಲಿ ಜೆಮ್‌ಫೈಬ್ರೊಜಿಲ್ ಸ್ಟಾಟಿನ್ ಜೊತೆ ಬೇಡವೇ ಬೇಡ.

ಸಕ್ಕರೆಯ ಮಾತೂ ಕೇಳಿಬರುತ್ತದೆ. ಸ್ಟಾಟಿನ್ ರಕ್ತದ ಸಕ್ಕರೆಯನ್ನು ಸ್ವಲ್ಪ ಏರಿಸುವುದು ನಿಜ. ಗಡಿಯಲ್ಲಿದ್ದವರು ಗಡಿ ದಾಟಬಹುದು. ಆದರೆ ಹೃದಯಾಘಾತ ಆದವರಲ್ಲಿ ತಪ್ಪುವ ಅನಾಹುತ ಇದಕ್ಕಿಂತ ಎಷ್ಟೋ ದೊಡ್ಡದು. ಮಾತ್ರೆ ಬಿಡಬೇಡಿ, ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ನೋಡಿಸುತ್ತಿರಿ. ಗರ್ಭಿಣಿಯಾಗುವ ಯೋಚನೆ ಇರುವ ಹೆಣ್ಣುಮಕ್ಕಳು ಮಾತ್ರ ಮೊದಲೇ ವೈದ್ಯರೊಂದಿಗೆ ಮಾತಾಡಬೇಕು.

ಹೆಜ್ಜೆ 6: ಅಡುಗೆಮನೆ

ಊಟದಿಂದ ಎಲ್‌ಡಿಎಲ್ ಇಳಿಯುವುದು ಹೆಚ್ಚೆಂದರೆ 10-15%. ಮಾತ್ರೆಯ ಬದಲಿಗೆ ಅಲ್ಲ, ಅದರ ಜೊತೆಗೆ. ಆದರೂ ಗುರಿಗೆ ಏಳೆಂಟು ಅಂಕ ಬಾಕಿ ಇರುವವರಿಗೆ ಇದೇ ದಡ ಸೇರಿಸಬಹುದು.

ಎಣ್ಣೆಯ ಬ್ರ್ಯಾಂಡಿಗಿಂತ ಮುಖ್ಯ ಅದರ ಅಳತೆ. ತಲೆಗೆ ತಿಂಗಳಿಗೆ ಅರ್ಧ ಲೀಟರ್, ನಾಲ್ಕು ಜನರ ಮನೆಗೆ ಎರಡು ಲೀಟರ್, ಅದರಲ್ಲೇ ಒಗ್ಗರಣೆಯೂ ದೋಸೆಯೂ ಕರಿದದ್ದೂ ಬರಬೇಕು. ಐದು ಲೀಟರಿನ ಕ್ಯಾನ್ ತಂದಿಟ್ಟರೆ ಲೆಕ್ಕ ತಪ್ಪುತ್ತದೆ, ಲೀಟರ್ ಪ್ಯಾಕೆಟ್ ತಂದು ತಾರೀಕು ಬರೆದು ಒಡೆಯಿರಿ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಪರವಾಗಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90% ಸ್ಯಾಚುರೇಟೆಡ್ ಕೊಬ್ಬು, ತುಪ್ಪದಲ್ಲಿ 60%ಕ್ಕೂ ಹೆಚ್ಚು, ತಾಳೆ ಎಣ್ಣೆಯಲ್ಲಿ ಅರ್ಧ. ಎಲ್‌ಡಿಎಲ್ ಏರಿಸುವುದು ಈ ಕೊಬ್ಬೇ. ಕರಾವಳಿಯವರಿಗೆ ಇದು ಕಷ್ಟದ ಮಾತು ಎಂದು ಗೊತ್ತು. ಗಸಿಗೆ ಕಾಯಿ ಹಾಕುವುದನ್ನೇ ಬಿಡಿ ಎನ್ನುತ್ತಿಲ್ಲ, ಆದರೆ ದಿನದ ಒಗ್ಗರಣೆ ಕೊಬ್ಬರಿ ಎಣ್ಣೆಯಲ್ಲಿ ಬೇಡ. ತುಪ್ಪ ದಿನಕ್ಕೆ ಒಂದು ಟೀ ಚಮಚ ದಾಟದಿರಲಿ. ಬೇಕರಿಯ ಪಫ್, ಖಾರದ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು ಬಿಟ್ಟುಬಿಡಿ.

ಹಾಲಿನಲ್ಲೂ ಲೆಕ್ಕವಿದೆ. ಟೋನ್ಡ್ ಹಾಲಿನಲ್ಲಿ 3% ಕೊಬ್ಬು, ಡಬಲ್ ಟೋನ್ಡ್‌ನಲ್ಲಿ 1.5%, ಫುಲ್ ಕ್ರೀಮ್‌ನಲ್ಲಿ 6%. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್. ದಿನಕ್ಕೆ ಅರ್ಧ ಲೀಟರ್ ಕುಡಿಯುವವರು ಫುಲ್ ಕ್ರೀಮ್‌ನಿಂದ ಟೋನ್ಡ್‌ಗೆ ಬಂದರೆ ದಿನಕ್ಕೆ ಸುಮಾರು 15 ಗ್ರಾಂ ಕೊಬ್ಬು ಉಳಿಯುತ್ತದೆ.

ಸೇರಿಸಬೇಕಾದದ್ದು ಕರಗುವ ನಾರು. ಹುರುಳಿ, ಹೆಸರುಕಾಳು, ಅವರೆ, ಅಲಸಂದೆ, ಸೊಪ್ಪು, ಸೀಬೆ. ಇಸಬ್ಗೋಲ್ ಹೊಟ್ಟು ದಿನಕ್ಕೆ ಸುಮಾರು 10 ಗ್ರಾಂ, ಎರಡು ಬಾರಿಗೆ ಹಂಚಿ, ತುಂಬ ನೀರಿನ ಜೊತೆ. ಅದನ್ನು ಮಾತ್ರೆಯ ಜೊತೆ ಕುಡಿಯಬೇಡಿ, ಎರಡು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಮಾತ್ರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಬೆಳ್ಳುಳ್ಳಿ ಬಿಸಿನೀರು, ಮೆಂತ್ಯ, ಗುಗ್ಗುಳ ಎಂದು ಮಾತ್ರೆ ಬಿಟ್ಟವರನ್ನು ಹೃದ್ರೋಗ ವಾರ್ಡ್‌ಗಳಲ್ಲಿ ಕಾಣುತ್ತಲೇ ಇರುತ್ತೇವೆ. ಗುಗ್ಗುಳವನ್ನು ಅಮೆರಿಕದಲ್ಲಿ ಸರಿಯಾಗಿ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಕೊಟ್ಟರು, ಎಲ್‌ಡಿಎಲ್ ಇಳಿಯುವ ಬದಲು ಸ್ವಲ್ಪ ಏರಿತ್ತು.

ಹೆಜ್ಜೆ 7: ಗುರಿ ಮುಟ್ಟಿದ ಮೇಲೆ

48 ಬಂತು. ಇನ್ನು ಮಾತ್ರೆ ಯಾಕೆ? ಬರುವ ಪ್ರಶ್ನೆಗಳಲ್ಲಿ ಇದು ಎಲ್ಲಕ್ಕಿಂತ ಹೆಚ್ಚು, ಆಗುವ ತಪ್ಪುಗಳಲ್ಲಿ ಇದು ಎಲ್ಲಕ್ಕಿಂತ ದುಬಾರಿ. 48 ಬಂದಿರುವುದು ಮಾತ್ರೆ ಇರುವುದರಿಂದ. ಬಿಪಿ ಮಾತ್ರೆಯ ಹಾಗೆಯೇ ಇದೂ. ಅಂಕಿ 40, 30 ಆದರೂ ಡೋಸ್ ಇಳಿಸುವ ಅಗತ್ಯವಿಲ್ಲ. ಆಗಷ್ಟೇ ಹುಟ್ಟಿದ ಮಗುವಿನ ಎಲ್‌ಡಿಎಲ್ ಕೂಡ 30ರ ಆಸುಪಾಸಿನಲ್ಲೇ ಇರುತ್ತದೆ, ಅದರ ಮೆದುಳು ಬೆಳೆಯುವುದು ಅಲ್ಲಿಂದಲೇ. ಗುರಿ ಸಿಕ್ಕ ಮೇಲೆ ಆರು ತಿಂಗಳಿಂದ ಒಂದು ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ವೈದ್ಯರನ್ನು, ಊರನ್ನು, ಮೆಡಿಕಲ್ ಶಾಪನ್ನು ಬದಲಾಯಿಸಿದಾಗ ಮಾತ್ರ ಆರು ವಾರಕ್ಕೆ ಒಮ್ಮೆ ಹೆಚ್ಚಿಗೆ ಮಾಡಿಸಿ, ಹೆಜ್ಜೆ 3ರ ಎಡವಟ್ಟು ಆಗುವುದು ಆಗಲೇ.

ಮನೆಯವರ ರಕ್ತ

50ರೊಳಗೆ ಹೃದಯಾಘಾತ ಆಗಿದ್ದರೆ, ಅಥವಾ ಎಲ್‌ಡಿಎಲ್ 190 ದಾಟಿದ್ದರೆ, ಅಣ್ಣ ತಮ್ಮ ಅಕ್ಕ ತಂಗಿಯರದ್ದೂ ಮಕ್ಕಳದ್ದೂ ಲಿಪಿಡ್ ಪ್ರೊಫೈಲ್ ಮಾಡಿಸಬೇಕು. ಮನೆತನದ ಕೊಲೆಸ್ಟ್ರಾಲ್ ತೊಂದರೆ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇರುತ್ತದೆ, ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಕ್ಕಳಿಗೆ ಹತ್ತು ವರ್ಷದ ಹೊತ್ತಿಗೆ ಒಮ್ಮೆ ನೋಡಿಸಿ. ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವಿನಲ್ಲಿ ಗಂಟು ಕಟ್ಟಿದಂತಿದ್ದರೆ, ವಯಸ್ಸು 45 ಆಗುವ ಮುಂಚೆಯೇ ಕಣ್ಣಿನ ಕಪ್ಪು ಭಾಗದ ಸುತ್ತ ಬಿಳಿ ಉಂಗುರ ಕಂಡರೆ ವೈದ್ಯರಿಗೆ ತೋರಿಸಿ.

ಇನ್ನೊಂದು ಪರೀಕ್ಷೆ ಜೀವಮಾನಕ್ಕೆ ಒಂದೇ ಬಾರಿ ಸಾಕು: ಎಲ್‌ಡಿಎಲ್‌ನಂಥದೇ ಇನ್ನೊಂದು ಕೊಬ್ಬಿನ ಕಣವಾದ ಲೈಪೊಪ್ರೋಟೀನ್-ಎ. 50 ಮಿಲಿಗ್ರಾಂ ದಾಟಿದರೆ ಹೆಚ್ಚು ಎಂದು ಲೆಕ್ಕ. ಇದು ಹುಟ್ಟಿನಿಂದ ಬರುವುದು, ಊಟದಿಂದಾಗಲಿ ಸ್ಟಾಟಿನ್‌ನಿಂದಾಗಲಿ ಇಳಿಯುವುದಿಲ್ಲ, ಭಾರತೀಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೆಚ್ಚಿರುತ್ತದೆ. ಸಿಗರೇಟಿಲ್ಲ, ಸಕ್ಕರೆ ಇಲ್ಲ, ಆದರೂ 38ಕ್ಕೆ ಅಟ್ಯಾಕ್ ಆಯಿತು ಎನ್ನುವ ಮನೆಗಳಲ್ಲಿ ಇದನ್ನು ನೋಡಲೇಬೇಕು. ಹೆಚ್ಚು ಬಂದವರಿಗೆ ಎಲ್‌ಡಿಎಲ್ ಅನ್ನು ಇನ್ನಷ್ಟು ಕೆಳಗೆ ಹಿಡಿಯುವುದು, ಬಿಪಿ ಸಕ್ಕರೆ ಬಿಗಿಯಾಗಿ ಇಟ್ಟುಕೊಳ್ಳುವುದು, ಮತ್ತು ಒಡಹುಟ್ಟಿದವರಿಗೆ ಈ ಸಂಗತಿ ಇವತ್ತೇ ಫೋನ್ ಮಾಡಿ ತಿಳಿಸುವುದು.